ನಾಲ್ಕು ಬೆರಳು ಮದ್ದು

ಸೇಡಂ ಕಡೆಯ ಹಿರಿಯರೊಬ್ಬರು ಮಗನನ್ನು ನೋಡಲು ಪೆನ್ಸಿಲ್ವೇನಿಯಾಕ್ಕೆ ಬಂದಿದ್ದರು. ಬಾಯಿಯಿಂದ ಮದ್ದು ತುಂಬಿ, ಕಲ್ಲಿನ ಕಿಡಿಯಿಂದ ಹೊತ್ತಿಸುವ ನನ್ನ ಚಕಮಕಿ ಬಂದೂಕು ಕೈಗೆತ್ತಿಕೊಂಡು, ಮದ್ದು ಜಡಿಯುವ ಗಜದ ಕಡ್ಡಿ ನಳಿಗೆಯೊಳಗೆ ಬಿಟ್ಟು ತೆಗೆದು, ನಕ್ಕುಬಿಟ್ಟರು. "ಇಷ್ಟ್ ದೂರ ಬಂದು, ಇಷ್ಟ್ ರೊಕ್ಕಾ ಗಳಿಸಿ ಇದನ್ ತಗೊಂಡ್ರ್ಯಾ? ನಮ್ಮ ಹೊಲಾ ಕಾಯಾಂವನ ಬಲ್ಲಿ ಇದಕ್ಕಿಂತ ಛಲೋದು ಅದ. ನಾಕ್ ಬಟ್ಟ ಮದ್ದು, ಒಂದು ಕೇಪು, ಮುಗೀತು."

ಕೇಪು ಅಂದರೆ ಏಟು ಬಿದ್ದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ. ಆ ಮಾತು ಒಪ್ಪಿದೆ. ಚಕಮಕಿಯ ರಗಳೆ ತಪ್ಪಿಸಲೆಂದೇ ಕೇಪು ಬಂದದ್ದು. ಆದರೆ ಆ "ನಾಕ್ ಬಟ್ಟ", ಅಂದರೆ ನಾಲ್ಕು ಬೆರಳು, ಮಾತ್ರ ಚುಚ್ಚುತ್ತಲೇ ಇದೆ. ಸಾರಿಗೆ ಖಾರ ಹಾಕಿದ ಹಾಗೆ ನಳಿಗೆಗೆ ಮದ್ದು ಹಾಕುವ ಜನ ನಾವು.

ಬೆರಳಿನ ಲೆಕ್ಕ ಗೊತ್ತಿದ್ದದ್ದೇ. ತುಂಬಿದ ಮೇಲೆ ಗಜದ ಕಡ್ಡಿ ಮೊದಲಿಗಿಂತ ಎಷ್ಟು ಬೆರಳು ಹೊರಗೆ ನಿಂತಿತು ಅಂತ ನೋಡುವುದು. ಆ ನಾಲ್ಕು ಬೆರಳಲ್ಲಿ ಮದ್ದಿದೆ, ಅರಿವೆ ಚೂರಿದೆ, ಛರ್ರಾ (ಸೀಸದ ಸಣ್ಣ ಗುಂಡು, ಚರೆ) ಇದೆ, ಮೇಲೆ ಮತ್ತೆ ಅರಿವೆ ಇದೆ. ಒಂದು ದಿನ ಅರಿವೆ ದಪ್ಪ, ಮದ್ದು ಕಡಿಮೆ. ಇನ್ನೊಂದು ದಿನ ಅರಿವೆ ತೆಳು, ಮದ್ದು ಹೆಚ್ಚು. ಕಡ್ಡಿ ಎರಡೂ ದಿನ ನಾಲ್ಕೇ ಬೆರಳು ತೋರಿಸುತ್ತದೆ. ಮೊದಲ ದಿನ ಮೊಲ ಕುಂಟಿಕೊಂಡು ಪೊದೆ ಸೇರುತ್ತದೆ, ಎರಡನೆಯ ದಿನ ಭುಜ ಊದುತ್ತದೆ. ನಳಿಗೆ ಅಗಲವಾಗಿದ್ದರಂತೂ ಅದೇ ನಾಲ್ಕು ಬೆರಳಿಗೆ ಎಷ್ಟು ಮದ್ದು ಹಿಡಿಯಿತೋ ದೇವರಿಗೇ ಗೊತ್ತು.

ಇಲ್ಲಿಯವರು ಅಳತೆಯ ಕೊಳವಿ ಇಲ್ಲದೆ ಮದ್ದಿಡುವ ಕೊಂಬಿನ ಮುಚ್ಚಳ ತೆಗೆಯುವುದಿಲ್ಲ. 20 ಬೋರಿನ ನಯ ನಳಿಗೆ, ಅಂದರೆ ಒಳಗೆ ಸುಮಾರು 15.6 ಮಿ.ಮೀ. ಇದ್ದರೆ, ಮೊಲ ಮತ್ತು ಅಳಿಲಿಗೆ 65 ಗ್ರೇನ್ ಕರಿಮದ್ದು ಸಾಕು, ತೂಕದಲ್ಲಿ 4.2 ಗ್ರಾಂ. ಅದೇ ಕೊಳವಿಯಲ್ಲಿ ಅದೇ ಗೆರೆಯವರೆಗೆ 6ನೇ ನಂಬರಿನ ಸೀಸದ ಚರೆ ತುಂಬಿದರೆ 25 ಗ್ರಾಂ ಆಸುಪಾಸು ಬರುತ್ತದೆ. ಗಾತ್ರಕ್ಕೆ ಗಾತ್ರ ಸಮ, ಅಷ್ಟೇ ಸೂತ್ರ. ಮದ್ದು ಹೆಚ್ಚಿಸಿದರೆ ಏಟು ದೂರ ಹೋಗುತ್ತದೆ ಅನ್ನುವುದು ನಮ್ಮವರ ನಂಬಿಕೆ. ನಿಜದಲ್ಲಿ ಚರೆ ಚದುರುತ್ತದೆ. (ಅಳಿಲು ಅಂದ ಕೂಡಲೇ ಊರಲ್ಲಿ ರಾಮನ ಬೆರಳು ನೆನೆಯುತ್ತಾರೆ. ಇಲ್ಲಿನದು ಬೂದು ಅಳಿಲು, ಅರ್ಧ ಕಿಲೋ ತೂಗುತ್ತದೆ, ಬೆನ್ನ ಮೇಲೆ ಗೆರೆಯೂ ಇಲ್ಲ.)

ಮದ್ದು ಹಾಕುವ ಮುಂಚೆ ನಳಿಗೆಯ ಎಣ್ಣೆ ಒರೆಸಬೇಕು, ಇಲ್ಲದಿದ್ದರೆ ಮದ್ದು ಎಣ್ಣೆ ಕುಡಿದು ಸುಮ್ಮನಾಗುತ್ತದೆ. ಬಂದೂಕಿನ ಕಿವಿಗೆ, ಅಂದರೆ ಬೆಂಕಿ ಒಳಗೆ ಹೋಗುವ ನಳಿಗೆಯ ಪಕ್ಕದ ತೂತಿಗೆ, ಒಂದು ಹಕ್ಕಿಗರಿ ಸಿಗಿಸಿದರೆ ಮದ್ದು ಹೊರಗೆ ಸೋರುವುದಿಲ್ಲ. ಕೊಂಬಿನಿಂದ ನೇರ ನಳಿಗೆಗೆ ಸುರಿಯುವುದು ಮಾತ್ರ ಯಾವತ್ತೂ ಬೇಡ. ಹಿಂದಿನ ಏಟಿನ ಕಿಡಿ ಒಂದು ತಳದಲ್ಲಿ ಉಳಿದಿದ್ದರೆ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಮದ್ದಿನ ಮೇಲೆ 3 ಮಿ.ಮೀ. ದಪ್ಪದ ಗಟ್ಟಿ ರಟ್ಟಿನ ಬಿಲ್ಲೆ, ಅದರ ಮೇಲೆ ಮೆತ್ತನೆಯ ನಾರಿನ ಬಿಲ್ಲೆ, ಆಮೇಲೆ ಚರೆ, ಕೊನೆಗೆ ತೆಳು ರಟ್ಟು. ಗಜದ ಕಡ್ಡಿಯನ್ನು ಗೇಣುದ್ದಕ್ಕಿಂತ ಮೇಲೆ ಹಿಡಿದು ಒತ್ತಿದರೆ ಅದು ಬಾಗಿ ಮುರಿದು ಅಂಗೈಗೆ ಚುಚ್ಚುತ್ತದೆ. ಬಿಲ್ಲೆ ಮದ್ದಿಗೆ ತಾಗಿ ಕೂರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ.

ಹೊಸಬರನ್ನು ಹೆಚ್ಚು ಕಾಡುವುದು ನಾರಿನ ಬಿಲ್ಲೆ. ಅದು ದಪ್ಪವಾದರೆ ನಳಿಗೆಯಿಂದ ಹೊರಬಿದ್ದ ಮೇಲೂ ವೇಗದಲ್ಲಿ ಚರೆಯ ಬೆನ್ನಿಗೆ ಗುದ್ದಿ ಗುಂಪಿನ ನಡುವೆ ತೂತು ಮಾಡುತ್ತದೆ. ಗುರಿ ಸರಿ ಇಟ್ಟರೂ ಮೊಲ ಆ ತೂತಿನಲ್ಲಿ ಬದುಕಿ ಓಡುತ್ತದೆ. ಬಿಲ್ಲೆಯನ್ನು ಅರ್ಧ ಸೀಳಿ ಹಾಕಬೇಕು, ಅಥವಾ ಬಿಟ್ಟು ತೆಳು ರಟ್ಟು ಎರಡು ಹಾಕಬೇಕು. 76 ಸೆಂ.ಮೀ. ಅಗಲದ ವೃತ್ತ ಬರೆದ ಕಾಗದಕ್ಕೆ 20 ಮೀಟರಿನಿಂದ ಹೊಡೆದು ರಂಧ್ರ ಎಣಿಸಿದರೆ ಯಾವುದು ಸರಿ ಅಂತ ಗೊತ್ತಾಗುತ್ತದೆ. ಚೋಕ್ (ತುದಿಯ ಬಿಗಿತ) ಇಲ್ಲದ ನಳಿಗೆಗೆ 25 ಮೀಟರ್ ಅಂದರೆ ಕೊನೆ. ನಮ್ಮಲ್ಲಿ ಕಾಗದಕ್ಕೆ ಹೊಡೆಯುವುದು ಮದ್ದು ದಂಡ ಅನ್ನುತ್ತಾರೆ.

ಚಕಮಕಿಯಲ್ಲಿ ಕಿಡಿ ಕಲ್ಲಿನದಲ್ಲ, ಕಲ್ಲು ಹೆರೆದ ಉಕ್ಕಿನದು. ಹಾಗಾಗಿ ಕಲ್ಲು ಹೊಡೆಯುವ ಉಕ್ಕಿನ ತಟ್ಟೆ ಗಟ್ಟಿ ಇರಬೇಕು, ಬೆರಳ ಬೆವರೂ ತಾಗಬಾರದು. ಕಲ್ಲನ್ನು ಚರ್ಮದಲ್ಲಿ ಸುತ್ತಿ ಕುದುರೆಯ, ಅಂದರೆ ಕುದುರೆ ಎಳೆದಾಗ ಬಂದು ಬಡಿಯುವ ಸುತ್ತಿಗೆಯ, ಬಾಯಿಗೆ ಬಿಗಿಯಬೇಕು. ಅರ್ಧ ಎಳೆದಾಗ ತಟ್ಟೆಗೂ ಕಲ್ಲಿನ ಅಂಚಿಗೂ ನಡುವೆ 2 ಮಿ.ಮೀ. ಸಂದು ಇರಲಿ, ಅಂಚು ಉದ್ದಕ್ಕೂ ಸಮವಾಗಿ ತಾಗಲಿ. ಒಂದೇ ಮೂಲೆ ತಾಗಿದರೆ ಕಿಡಿಯೂ ಒಂದೇ ಕಡೆ, ಕಲ್ಲೂ ಬೇಗ ಚೂರಾಗುತ್ತದೆ. ಇವರು ಇಂಗ್ಲೆಂಡಿನ ಬ್ರಾಂಡನ್‌ನ ಕರಿಕಲ್ಲಿಗೆ ಡಾಲರ್ ಕೊಡುತ್ತಾರೆ. ಹುಣಸಗಿ ಪಕ್ಕದ ಇಸಾಂಪುರದಲ್ಲಿ ಆದಿಮಾನವ ಕಲ್ಲು ಒಡೆದು ಹತಾರ ಮಾಡಿದ ನೆಲದಿಂದ ಬಂದವನಿಗೆ ಅದನ್ನು ನೋಡಿದರೆ ನಗು ಬರುತ್ತದೆ.

ರಂಜಕಕ್ಕೆ, ಅಂದರೆ ಕಿವಿಯ ಹೊರಗಿನ ಬಟ್ಟಲಿನಲ್ಲಿ ಕಿಡಿ ಹಿಡಿಯುವ ಮದ್ದಿಗೆ, ಸಣ್ಣ ಹರಳಿನದು ಬೇರೆ ಇಡುತ್ತಾರೆ. ಮೂರು ನಾಲ್ಕು ಗ್ರೇನ್ ಸಾಕು, ಬಟ್ಟಲಿನ ಅರ್ಧಕ್ಕಿಂತ ಕಡಿಮೆ. ಕಿವಿಯೊಳಗೆ ತುರುಕಿದರೆ ಅದು ಬತ್ತಿಯ ಹಾಗೆ ಉರಿಯುತ್ತ ಹೋಗಿ ಏಟು ತಡವಾಗುತ್ತದೆ. ಸರಿಯಾಗಿದ್ದರೂ ಕುದುರೆ ಬಿದ್ದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ಒಂದು ಚಣ ಇದ್ದೇ ಇದೆ. ಮುಖದ ಮುಂದೆ ಬೆಂಕಿ ಭಗ್ಗೆಂದಾಗ ತಲೆ ಎತ್ತದೆ, ಓಡುವ ಮೊಲದ ಜೊತೆ ನಳಿಗೆ ತಿರುಗಿಸುತ್ತಲೇ ಇರಬೇಕು. ಹೊತ್ತದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು. ಆ ನಿಮಿಷದಲ್ಲಿ ಇಲ್ಲಿ ಯಾರೂ ನಗುವುದಿಲ್ಲ. ನಮ್ಮಲ್ಲಾದರೆ "ಫುಸ್ಸಂತು" ಅಂತ ಊರೆಲ್ಲ ಸುದ್ದಿ. ಆ ನಾಚಿಕೆಗೇ ನಮ್ಮವರು ಒಂದು ಬೆರಳು ಹೆಚ್ಚು ಹಾಕುತ್ತಾರೆ ಅಂತ ನನ್ನ ಗುಮಾನಿ.

ಸಂಜೆಯ ಕೆಲಸ ಇನ್ನೊಂದಿದೆ. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಂಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಉಗುರುಬೆಚ್ಚನೆ ನೀರು, ಸೋಪು, ಒಣ ಅರಿವೆ, ಎಣ್ಣೆ, ಇಷ್ಟನ್ನು ಅವತ್ತೇ ಮುಗಿಸಬೇಕು. ತೊಗರಿ ಹೊಲದ ಗುಡಿಸಲಲ್ಲಿ ವಾರಗಟ್ಟಲೆ ತುಂಬಿದ್ದು ತುಂಬಿದಂತೆ ತೂಗುಹಾಕುವವರಿಗೆ ಇದನ್ನು ಹೇಳಿದರೆ "ಸುರಪುರದ ಬೇಡರ ನಾಡಿಗೆ ಬಂದೂಕ ಕಲಸ್ಲಿಕ್ಕ ಬಂದ" ಅಂತಾರೆ. ಅನ್ನಲಿ.

ಒಂದೆರಡು ಮಾತು ಒಪ್ಪಿಕೊಳ್ಳದೆ ವಿಧಿಯಿಲ್ಲ. ಪೆನ್ಸಿಲ್ವೇನಿಯಾದಲ್ಲಿ ದಿನಕ್ಕೆ 4 ಮೊಲ, 6 ಅಳಿಲು ಅಂತ ಮಿತಿಯಿಟ್ಟು, ಕಿತ್ತಳೆ ಅಂಗಿ ತೊಡಿಸಿ, ಪಾಠ ಹೇಳಿ ಕಳಿಸುತ್ತಾರೆ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಮೊಲ, ಕೌಜುಗ ಎರಡನ್ನೂ ಮುಟ್ಟುವಂತಿಲ್ಲ. ಯುಗಾದಿ ಬೇಟೆಯ ಹುಮ್ಮಸ್ಸು ನೋಡಿದರೆ ಆ ಕಾಯ್ದೆ ಇರುವುದೇ ಸರಿ. ಬಂದೂಕಿನ ಲೈಸೆನ್ಸಿಗೆ ತರಬೇತಿ ಬೇಕೆಂದು 2016ರ ಶಸ್ತ್ರ ನಿಯಮಗಳೂ ಹೇಳುತ್ತವೆ. ಬೆರಳಿನ ಲೆಕ್ಕಕ್ಕೂ ಒಂದು ಗುಣವಿದೆ. ತುಂಬಿದ್ದು ಅರ್ಧದಲ್ಲಿ ಸಿಕ್ಕಿಕೊಂಡರೆ ಕಡ್ಡಿ ಆರು ಬೆರಳು ತೋರಿಸಿ ಹೇಳಿಬಿಡುತ್ತದೆ. ಇಲ್ಲಿಯವರು ಕಡ್ಡಿಯ ಮೇಲೆ ಖಾಲಿಗೊಂದು, ತುಂಬಿದ್ದಕ್ಕೊಂದು ಗೆರೆ ಕೊರೆಯುವುದೂ ಅದಕ್ಕೇ. ಮನೆಯಲ್ಲೇ ಅರೆದ ಮದ್ದಿನ ಕಸುವು ಸಲಕ್ಕೊಂದು ಥರ ಇದ್ದಾಗ ಕೊಳವಿಯೂ ಏನು ಮಾಡೀತು?

ಒಪ್ಪಬೇಕಾದ ಇನ್ನೊಂದು ಪುಂಡಿ ನಾರು. ಹದಿನೆಂಟನೇ ಶತಮಾನದವರು ಅಂಗಡಿಯ ಬಿಲ್ಲೆ ಕಂಡವರಲ್ಲ, ಅಗಸೆ ನಾರಿನ ಉಂಡೆ ಜಡಿಯುತ್ತಿದ್ದರು. ನಮ್ಮ ಪುಂಡಿ ನಾರೂ ಅದೇ ಥರದ್ದು. ಹಗುರ, ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ, ಚರೆಯ ನಡುವೆ ತೂತು ಮಾಡುವುದಿಲ್ಲ. ಒದ್ದೆ ಎಲೆಯ ಈ ಕಾಡಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಹೊಗೆಯಾಡುತ್ತ ಬೀಳುತ್ತದೆ. ಚಿಂಚೋಳಿ ಕಡೆ ಬೇಸಿಗೆಯ ಒಣಹುಲ್ಲಿನಲ್ಲಿ ಬಿದ್ದರೆ ಮೊಲ ಹೋಗಲಿ, ಗುಡ್ಡವೇ ಹೊತ್ತಿಕೊಳ್ಳುತ್ತದೆ.