ತಲೆ ಎಣಿಸದೆ ತಲಾ ಆದಾಯ

ನಮ್ಮ ದೇಶದಲ್ಲಿ ಎಷ್ಟು ಜನ ಇದ್ದೇವೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಕೊಡಬೇಡಿ. ಯಾವ ಕೆಲಸಕ್ಕೆ ಬೇಕು ಸ್ವಾಮಿ ಎಂದು ಮೊದಲು ವಿಚಾರಿಸಿ. ರೇಷನ್ ಅಕ್ಕಿ ಹಂಚುವುದಕ್ಕಾದರೆ 121 ಕೋಟಿ. ಚೀನಾವನ್ನು ಹಿಂದೆ ಹಾಕಿದೆವು ಎಂದು ಎದೆಯುಬ್ಬಿಸುವುದಕ್ಕಾದರೆ 142 ಕೋಟಿ. ಭಾಷಣಕ್ಕಾದರೆ 140 ಕೋಟಿ, ಹೇಳುವುದಕ್ಕೂ ಸಲೀಸು, ಚಪ್ಪಾಳೆಗೂ ಸರಿ.

ಮೊದಲನೆಯದು 2011ರ ಜನಗಣತಿಯ ಲೆಕ್ಕ. ಎರಡನೆಯದು 2023ರಲ್ಲಿ ವಿಶ್ವಸಂಸ್ಥೆ ಮಾಡಿದ ಅಂದಾಜು. ಮಧ್ಯದ ಇಪ್ಪತ್ತು ಕೋಟಿ ಜನ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಕ್ಕಿ ಗೋಧಿ ಸಿಗಬೇಕಾದವರು ಇವತ್ತಿಗೂ 81.35 ಕೋಟಿ. ಅದು 2011ರ ತಲೆಗಳನ್ನು ನೋಡಿ ಹಾಕಿದ ಮಿತಿ. 2012ರಲ್ಲಿ ಹುಟ್ಟಿದ ಮಗು ಹೈಸ್ಕೂಲಿಗೆ ಬಂದಿದೆ, ಅಪ್ಪನ ಚಪ್ಪಲಿ ಅದರ ಕಾಲಿಗೆ ಹಿಡಿಸುತ್ತಿಲ್ಲ. ಜನಗಣತಿಯ ಪಾಲಿಗೆ ಮಾತ್ರ ಅದು ಇನ್ನೂ ಹುಟ್ಟಿಲ್ಲ.

ಹಾಗಂತ ಎಣಿಸುವುದು ನಮಗೆ ಗೊತ್ತಿಲ್ಲ ಎಂದಲ್ಲ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಎಣಿಸಿದ್ದೇವೆ. 1941ರಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಕೋಷ್ಟಕಗಳನ್ನು ಮೊಟಕು ಮಾಡಿದರೇ ಹೊರತು ಎಣಿಸುವುದನ್ನು ಬಿಡಲಿಲ್ಲ. 2021ರಲ್ಲಿ ಕೊರೊನಾ ಬಂತು. ಅದೇ ವರ್ಷ ಬಂಗಾಳ, ತಮಿಳುನಾಡು, ಕೇರಳ, ಅಸ್ಸಾಂ, ಪುದುಚೇರಿಯಲ್ಲಿ ಚುನಾವಣೆ ನಡೆಯಿತು. ಜನರ ಮತ ಎಣಿಸಲು ಅಡ್ಡ ಬಾರದ ವೈರಸ್ಸು ಜನರನ್ನು ಎಣಿಸಲು ಅಡ್ಡ ಬಂತು. ಬಹಳ ತಿಳಿವಳಿಕೆಯ ವೈರಸ್ಸು ಅದು. ಚೀನಾ ಮತ್ತು ಅಮೆರಿಕದಲ್ಲಿ 2020ರಲ್ಲೇ ಎಣಿಸಿ ಮುಗಿಸಿದರು. ಅಲ್ಲಿಯ ವೈರಸ್ಸಿಗೆ ಆಡಳಿತದ ಅನುಭವ ಸಾಲದು ಅನ್ನಿಸುತ್ತದೆ.

ಕೊರೊನಾ ಹೋದ ಮೇಲೆ? ಜಿಲ್ಲೆ, ತಾಲ್ಲೂಕುಗಳ ಗಡಿ ಬದಲಿಸದಂತೆ ತಡೆ ಹಾಕಿದ ಮೇಲೆಯೇ ಗಣತಿ ಶುರುವಾಗುವುದು. ಆ ತಡೆಯ ದಿನಾಂಕವನ್ನು ಮತ್ತೆ ಮತ್ತೆ ಮುಂದೆ ಹಾಕಿದರು. ಕೊನೆಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಬಂತು. 2027ರ ಮಾರ್ಚ್ 1ರಂದು ನಾವೆಷ್ಟು ಜನ ಇರುತ್ತೇವೆ ಎಂಬುದೇ ಗಣತಿಯ ಲೆಕ್ಕವಂತೆ. ಹತ್ತು ವರ್ಷಕ್ಕೊಮ್ಮೆ ಆಗುತ್ತಿದ್ದದ್ದು ಹದಿನಾರು ವರ್ಷಕ್ಕೆ ಆಗುತ್ತಿದೆ.

ತಲೆ ಎಷ್ಟು ಎಂದು ಗೊತ್ತಿಲ್ಲದಿದ್ದರೂ ತಲಾ ಆದಾಯ ಮಾತ್ರ ನಮಗೆ ರೂಪಾಯಿ ಲೆಕ್ಕದಲ್ಲಿ ಗೊತ್ತು. ಇದು ಸಾಮಾನ್ಯ ಸಾಧನೆಯಲ್ಲ. ಭಾಗಿಸುವ ಸಂಖ್ಯೆ ಅಂದಾಜು, ಭಾಗಲಬ್ಧ ನಿಖರ. ನಾಲ್ಕನೇ ಕ್ಲಾಸಿನ ಹುಡುಗ ಹೀಗೆ ಮಾಡಿದರೆ ಕಿವಿ ಹಿಂಡುತ್ತಾರೆ.

2025ರ ಮೇ ತಿಂಗಳಲ್ಲಿ ಒಂದು ಸಂಭ್ರಮ ಆಯಿತು, ನೆನಪಿದೆಯಾ? ಜಪಾನನ್ನು ಹಿಂದೆ ಹಾಕಿ ನಾಲ್ಕನೇ ದೊಡ್ಡ ಆರ್ಥಿಕತೆ ಆದೆವು ಎಂದು ನೀತಿ ಆಯೋಗದ ಸಿಇಒ ಹೇಳಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಪಟ್ಟಿಯಲ್ಲಿ ನಮ್ಮದು 4,187 ಶತಕೋಟಿ ಡಾಲರ್, ಜಪಾನಿನದು 4,186. ಅದೂ ಇಡೀ ವರ್ಷ ಹೇಗಿರಬಹುದು ಎಂಬ ಮುನ್ನೋಟ. ವರ್ಷ ಮುಗಿದಿರಲಿಲ್ಲ, ಲಡ್ಡು ಹಂಚಿ ಆಗಿತ್ತು. ಹನ್ನೆರಡು ಕೋಟಿ ಚಿಲ್ಲರೆ ಜಪಾನಿಗಳು ದುಡಿದದ್ದಕ್ಕಿಂತ ನಾವು 140 ಕೋಟಿ ಜನ ಸೇರಿ ಒಂದು ಕೂದಲೆಳೆ ಜಾಸ್ತಿ ದುಡಿಯಲಿದ್ದೇವೆ! ಅದೇ ಪಟ್ಟಿಯಲ್ಲಿ ತಲಾ ಲೆಕ್ಕವೂ ಇತ್ತು. ಅವರಿಗೆ ಸುಮಾರು 34,000 ಡಾಲರ್, ನಮಗೆ ಸುಮಾರು 2,900. ಆ ಸಾಲನ್ನು ಟಿವಿಯವರು ಓದಲಿಲ್ಲ. ಪರದೆಯ ಮೇಲೆ ಜಾಗ ಇರಲಿಲ್ಲವೇನೋ.

ಇದೇ ಹಣಕಾಸು ನಿಧಿ ಆ ವರ್ಷ ನವೆಂಬರ್‌ನಲ್ಲಿ ನಮ್ಮ ರಾಷ್ಟ್ರೀಯ ಲೆಕ್ಕಪತ್ರಕ್ಕೆ, ಅಂದರೆ ಜಿಡಿಪಿ ಲೆಕ್ಕಕ್ಕೆ, ಅಂಕವನ್ನೂ ಕೊಟ್ಟಿತು. ‘ಸಿ’ ಗ್ರೇಡ್. ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಂಡ ವರ್ಷ 2011-12, ಬಹಳ ಹಳೆಯದಾಯಿತು ಎನ್ನುವುದು ಒಂದು ಕಾರಣ. ಮೇ ತಿಂಗಳಲ್ಲಿ ಜಗತ್ತೇ ನಂಬಬೇಕಾದ ಸಂಸ್ಥೆ, ನವೆಂಬರ್‌ಗೆ ನಮ್ಮ ಏಳಿಗೆ ಸಹಿಸದ ಸಂಸ್ಥೆಯಾಯಿತು.

ಈ 2011-12ರ ಮೇಲೆ ನಮಗೆ ಯಾಕೋ ವಿಪರೀತ ಮಮತೆ. ಬೆಲೆ ಏರಿಕೆ ಅಳೆಯಲು ಇಟ್ಟುಕೊಂಡ ಸಾಮಾನುಗಳ ಬುಟ್ಟಿಯೂ ಆಗಿನದೇ ಆಗಿತ್ತು. 2026ರ ಫೆಬ್ರವರಿಯಲ್ಲಿ ಹೊಸ ಬುಟ್ಟಿ ಬರುವ ತನಕ ಅದರಲ್ಲಿ ಕ್ಯಾಸೆಟ್ಟು, ಟೇಪ್ ರೆಕಾರ್ಡರು, ವಿಸಿಆರ್ ಎಲ್ಲ ಭದ್ರವಾಗಿದ್ದವು. ಟೊಮೆಟೊ ನೂರು ರೂಪಾಯಿ ದಾಟಿ ನೀವು ಬರೀ ಹುಣಸೆಹಣ್ಣಿನ ಸಾರು ಮಾಡಿಕೊಂಡಿದ್ದಾಗ ದೇಶ ನಿಮ್ಮ ವಿಸಿಆರ್ ಖರ್ಚನ್ನೂ ಗಮನಿಸುತ್ತಿತ್ತು. ಬುಟ್ಟಿ ಬದಲಿಸಬೇಕಾದರೆ ಜನ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎಂಬ ಸಮೀಕ್ಷೆ ಬೇಕು. 2017-18ರಲ್ಲಿ ಅದನ್ನು ಮಾಡಿದ್ದರು. ಜನರ ಖರ್ಚು ಇಳಿದಿದೆ ಎಂದು ಅದರ ವರದಿ ಹೇಳುತ್ತದೆ ಎಂಬ ಸುದ್ದಿ ಸೋರಿತು. ದತ್ತಾಂಶದ ಗುಣಮಟ್ಟ ಸರಿಯಿಲ್ಲ ಎಂದು ವರದಿಯನ್ನೇ ಕೈಬಿಟ್ಟರು. ತೂಕ ಇಷ್ಟವಾಗದಿದ್ದರೆ ತಕ್ಕಡಿ ಕೆಟ್ಟಿದೆ ಎಂದೇ ಅರ್ಥ, ಅಲ್ವಾ?

ನಿರುದ್ಯೋಗದ ಕಥೆ ಇದಕ್ಕಿಂತ ಚೆಂದ. 2017-18ರಲ್ಲಿ ಅದು ಶೇ 6.1 ಎಂದು ಸಮೀಕ್ಷೆಯಲ್ಲಿ ಬಂತು. ವರದಿ ಹೊರಗೆ ಬರಲಿಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು, ಅಂಕಿ ಪತ್ರಿಕೆಗೆ ಸಿಕ್ಕಿತು. ಅದು ಬರೀ ಕರಡು, ನಂಬಬೇಡಿ ಎಂದರು. ಚುನಾವಣೆ ಆಯಿತು. ಮೇ 30ಕ್ಕೆ ಹೊಸ ಸರ್ಕಾರದ ಪ್ರಮಾಣ ವಚನ. ಮೇ 31ಕ್ಕೆ ವರದಿ ಬಿಡುಗಡೆ. ಒಳಗೆ ಅದೇ 6.1. ಚುನಾವಣೆಯ ನೀರಿನಲ್ಲಿ ಮುಳುಗಿ ಎದ್ದ ಮೇಲೆ ಕರಡು ಶುದ್ಧವಾಗಿತ್ತು.

ಆಮೇಲೆ ನಿರುದ್ಯೋಗ ಇಳಿಯುತ್ತಾ ಬಂತು. ನಿಮಗೆ ಕೆಲಸ ಇದೆಯೋ ಇಲ್ಲವೋ ಎಂದು ನೀವೇ ತೀರ್ಮಾನ ಮಾಡಬೇಡಿ, ಅದು ನಿಮ್ಮ ಕೈಲಿಲ್ಲ. ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನದಲ್ಲಿ ಯಾವತ್ತಾದರೂ ಒಂದು ಗಂಟೆ ದುಡಿದಿದ್ದರೆ ನೀವು ಉದ್ಯೋಗಿ. ಇದು ಜಗತ್ತಿನ ಅಳತೆ, ನಮ್ಮವರ ಆವಿಷ್ಕಾರವಲ್ಲ, ಒಪ್ಪೋಣ. ಮನೆಯ ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿದರೂ ಉದ್ಯೋಗವೇ. ಬಿಇ ಮುಗಿಸಿ ಮೂರು ವರ್ಷದಿಂದ ಕೆಲಸ ಹುಡುಕುತ್ತಿರುವ ಹುಡುಗ ಅಪ್ಪ ಊಟಕ್ಕೆ ಹೋದಾಗ ಗಲ್ಲಾದ ಮೇಲೆ ಕೂತು ಸಕ್ಕರೆ ಕಟ್ಟಿಕೊಡುತ್ತಾನೆ. ಶುಭಾಶಯಗಳು, ಅವನಿಗೆ ಕೆಲಸ ಸಿಕ್ಕಿದೆ. ಅವನಿಗೆ ಇನ್ನೂ ಯಾರೂ ತಿಳಿಸಿಲ್ಲ, ಅಷ್ಟೆ. ಹೆಣ್ಣು ನೋಡಲು ಹೋಗುವಾಗ ಸಮೀಕ್ಷೆಯ ಒಂದು ಪ್ರತಿ ಜೇಬಿನಲ್ಲಿಟ್ಟುಕೊಳ್ಳಲಿ.

ಎಲ್ಲಕ್ಕಿಂತ ಕ್ಷೇಮ ಎಂದರೆ ಎಣಿಸದೇ ಇರುವುದು. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋಗುತ್ತಾ ಸತ್ತ ವಲಸೆ ಕಾರ್ಮಿಕರು ಎಷ್ಟು ಎಂದು 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಕೇಳಿದರು. ಅಂಥ ದತ್ತಾಂಶ ಇಟ್ಟಿಲ್ಲ ಎಂದಿತು ಸರ್ಕಾರ. ಹಾಗಾಗಿ ಪರಿಹಾರದ ಪ್ರಶ್ನೆಯೂ ಏಳಲಿಲ್ಲ. ಇಲ್ಲಿ ನಗೆ ಬರುವುದಿಲ್ಲ, ಮುಂದೆ ಹೋಗೋಣ.

ದಿಲ್ಲಿಯನ್ನು ಬೈದದ್ದು ಕೇಳಿ ಬೆಂಗಳೂರಿನವರು ಖುಷಿಪಡಬೇಕಿಲ್ಲ. ಕರ್ನಾಟಕದ ತಲಾ ಆದಾಯ 2024-25ರಲ್ಲಿ ಮೂರೂಮುಕ್ಕಾಲು ಲಕ್ಷದ ಆಸುಪಾಸು ಇತ್ತು, ದೇಶದ ಮೇಲಿನ ಸಾಲಿನಲ್ಲಿ. ಬಿಪಿಎಲ್ ಕಾರ್ಡಿಗೆ ಇಡೀ ಮನೆಯ ಆದಾಯ 1.20 ಲಕ್ಷ ಮೀರಬಾರದು. ಅಂಥ ಕಾರ್ಡು ಎಷ್ಟಿವೆ? ಒಂದು ಕೋಟಿಗೂ ಜಾಸ್ತಿ. ನೀತಿ ಆಯೋಗದ ಬಡತನ ಸೂಚ್ಯಂಕ ನೋಡಿದರೆ ರಾಜ್ಯದಲ್ಲಿ ಬಡವರು ನೂರಕ್ಕೆ ಎಂಟು ಜನವೂ ಇಲ್ಲ. ಅಂದರೆ ನಾವು ಸರಾಸರಿಯಲ್ಲಿ ಶ್ರೀಮಂತರು, ಸೂಚ್ಯಂಕದಲ್ಲಿ ಮಧ್ಯಮರು, ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ ಬಡವರು. ಮೂರೂ ಸರ್ಕಾರಿ ಸತ್ಯಗಳೇ. ಕೆಲವರು ಈ ಮೂರನ್ನೂ ಒಂದೇ ದಿನ, ಕಾರಿನಲ್ಲಿ ಬಂದು, ನಿಭಾಯಿಸುತ್ತಾರೆ.

ಜಾತಿ ಸಮೀಕ್ಷೆಯದ್ದಂತೂ ಬೇರೆಯದೇ ಪುರಾಣ. 2015ರಲ್ಲಿ ಮನೆ ಮನೆಗೆ ಹೋಗಿ ಬರೆದುಕೊಂಡು ಬಂದರು. ವರದಿ ಸರ್ಕಾರದ ಕೈಸೇರಿದ್ದು 2024ರಲ್ಲಿ. 2025ರಲ್ಲಿ, ಛೆ, ಹತ್ತು ವರ್ಷ ಹಳೆಯದಾಯಿತಲ್ಲ, ಹೊಸದಾಗಿ ಮಾಡೋಣ ಎಂದರು. ಬಾಳೆಗೊನೆಯನ್ನು ಅಟ್ಟದ ಮೇಲಿಟ್ಟು ಮರೆತು, ಕೊಳೆತ ಮೇಲೆ ಸಂತೆಗೆ ಹೊರಟಂತೆ. ವಿದ್ಯುತ್ ಮೀಟರ್ ನೋಡಿ ಮನೆಗಳಿಗೆ ಚೀಟಿ ಅಂಟಿಸಿದರು, 60 ಪ್ರಶ್ನೆ ಕೇಳಿದರು. ಕೇಳಿದವರು ಮೇಷ್ಟ್ರುಗಳು. ಕೆಲಸ ಮುಗಿಯದೆ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ನಾಡಿನ ಜನರನ್ನು ಎಣಿಸುವ ಭರದಲ್ಲಿ ಕ್ಲಾಸಿನಲ್ಲಿ ಹಾಜರಿ ಕೂಗುವವರು ಇರಲಿಲ್ಲ.

ಈಗ ದೇಶದ ಗಣತಿಯ ಸರದಿ. ಮನೆ ಪಟ್ಟಿಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಸಮಯ. 33 ಪ್ರಶ್ನೆ. ಗೋಡೆ ಯಾವುದರದ್ದು, ನೀರು ಎಲ್ಲಿಂದ, ಇಂಟರ್ನೆಟ್ ಇದೆಯಾ, ಮನೆಯಲ್ಲಿ ಮುಖ್ಯವಾಗಿ ತಿನ್ನುವ ಧಾನ್ಯ ಯಾವುದು. ಮುದ್ದೆಯೋ ಅನ್ನವೋ ಎಂದು ಮನೆಯಲ್ಲಿ ಒಮ್ಮತ ಇಲ್ಲದಿದ್ದರೆ ಈಗಲೇ ಜಗಳ ಆಡಿ ಮುಗಿಸಿಕೊಳ್ಳಿ. ಬಾಗಿಲಲ್ಲಿ ನಿಂತ ಮೇಷ್ಟ್ರನ್ನು ಕಾಯಿಸಬೇಡಿ. ಅವರಿಗೆ ಇನ್ನೂ ಮನೆಗಳಿವೆ, ಶಾಲೆಯಿದೆ. ಆ ಉತ್ತರಗಳನ್ನು ಬಿಡುಗಡೆ ಮಾಡುವವರಿಗೆ ಮಾತ್ರ ಯಾವ ಆತುರವೂ ಇಲ್ಲ.