ಸಾಲುಗಳ ನಡುವೆ ತುರುಕಿದ ಮಂಚ

ಪ್ರತಿವರ್ಷ ಏಪ್ರಿಲ್ 23 ಬಂತೆಂದರೆ ನನ್ನ ಸಾಹಿತ್ಯಪ್ರಿಯ ಗೆಳೆಯರಲ್ಲಿ ಒಬ್ಬರಾದರೂ ಷೇಕ್ಸ್‌ಪಿಯರನ ಮಂಚದ ವಿಷಯ ಎತ್ತುತ್ತಾರೆ. ಆಸ್ತಿಯನ್ನೆಲ್ಲ ಹಿರಿಯ ಮಗಳಿಗೆ ಬರೆದು, ಕಟ್ಟಿಕೊಂಡವಳಿಗೆ ಮನೆಯ ಎರಡನೆಯ ಒಳ್ಳೆಯ ಮಂಚ ಬಿಟ್ಟುಹೋದ ಪುಣ್ಯಾತ್ಮ ಎಂದು. ಕೆಳಗೆ ನಗುವ ಮುಖಗಳ ಸಾಲು. ಈ ಸಲ ನನಗೂ ಸುಮ್ಮನಿರಲು ಆಗುತ್ತಿಲ್ಲ.

ನಾನು ಇಪ್ಪತ್ತೆಂಟು ವರ್ಷಗಳಿಂದ ದಸ್ತಾವೇಜು ಬರೆದು ಹೊಟ್ಟೆ ಹೊರೆಯುವವನು. ‘ಉಯಿಲು’ ಎಂಬ ಪದವೇ ಇಂಗ್ಲಿಷರ ‘ವಿಲ್’ ನಮ್ಮ ನಾಲಿಗೆಯ ಮೇಲೆ ಹೊರಳಿ ಆದದ್ದು. ಯಾವ ಉಯಿಲು ಕೈಗೆ ಬಂದರೂ ನಾನು ಮೊದಲು ಹುಡುಕುವುದು ಒಂದೇ ಸಾಲು: ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವ ಹೊಣೆ ಹೊತ್ತವರು, ಯಾರು? ಯಾರಿಗೆ ಏನು ಎಂಬುದನ್ನು ಆಮೇಲೆ ನೋಡುತ್ತೇನೆ.

ಷೇಕ್ಸ್‌ಪಿಯರನ ಉಯಿಲಿಗೆ 1616ರ ಮಾರ್ಚ್ 25ರ ತಾರೀಖಿದೆ. ಮೂರು ಹಾಳೆ, ಮೂರರಲ್ಲೂ ಸಹಿ. ಮಂಚದ ಮಾತನ್ನು ಎಲ್ಲ ಬರೆದಾದ ಮೇಲೆ ಎರಡು ಸಾಲುಗಳ ನಡುವೆ ತುರುಕಲಾಗಿದೆ. ನಮ್ಮಲ್ಲಾದರೆ ಅಂಥ ಜಾಗದಲ್ಲಿ ಪಕ್ಕಕ್ಕೊಂದು ಸಹಿ ಹಾಕಿಸಿಕೊಳ್ಳದೆ ಬಿಡುವುದಿಲ್ಲ. ಮಂಚದ ಬಗ್ಗೆ ನನಗೆ ತಕರಾರಿಲ್ಲ. ಗರಿ ತುಂಬಿದ ಹಾಸಿಗೆ, ಪರದೆಗಳ ಸಮೇತ ಮಂಚವೆಂದರೆ ಆ ಕಾಲದ ಮನೆಯಲ್ಲಿ ಬೆಲೆಬಾಳುವ ವಸ್ತು. ನನ್ನ ಕಣ್ಣಿಗೆ ಚುಚ್ಚಿದ್ದು ಬೇರೆ. ಎಕ್ಸಿಕ್ಯೂಟರ್‌ಗಳು ಮಗಳು ಸುಸಾನಾ ಮತ್ತು ಅಳಿಯ ಜಾನ್ ಹಾಲ್. ಹೆಂಡತಿ ಆ್ಯನ್ ಹೆಸರು ಅಲ್ಲಿಲ್ಲ.

ಇದರ ತೂಕ ತಿಳಿಯಬೇಕಾದರೆ ಕವಿಯನ್ನು ಬಿಟ್ಟು ಅವನ ಊರಿನ ಕಸುಬುದಾರರ ಮನೆಗಳಿಗೆ ಹೋಗಬೇಕು. ಅಂದಿನ ಇಂಗ್ಲೆಂಡಿನಲ್ಲಿ ಮದುವೆಯಾದ ಗಳಿಗೆಯಿಂದ ಹೆಂಡತಿಯ ಚರಾಸ್ತಿ ಗಂಡನದು. ಅವನ ಒಪ್ಪಿಗೆಯಿಲ್ಲದೆ ಅವಳು ಉಯಿಲನ್ನೂ ಬರೆಯುವಂತಿರಲಿಲ್ಲ. ಗಂಡ ಸತ್ತರೆ ಅವನ ಜಮೀನಿನಲ್ಲಿ ಮೂರರಲ್ಲೊಂದು ಪಾಲಿನ ಉತ್ಪತ್ತಿ ಜೀವನಪರ್ಯಂತ ಅವಳಿಗೆ ಸಿಗುತ್ತಿತ್ತು, ನಿಜ. ಆದರೆ ಚಮ್ಮಾರನಿಗೋ ದರ್ಜಿಗೋ ಜಮೀನೆಲ್ಲಿ? ಅವನ ಆಸ್ತಿಯೆಂದರೆ ಹತಾರ, ಸರಕು, ಬಾಕಿ ಬರೆದಿಟ್ಟ ಪುಸ್ತಕ. ಹಾಗಾಗಿ ಅಂಥವರು ಬಹುಪಾಲು ಮಂದಿ ಹೆಂಡತಿಯನ್ನೇ ಎಕ್ಸಿಕ್ಯೂಟರ್ ಮಾಡಿ, ಸಾಲ ತೀರಿಸಿ ಮಿಕ್ಕದ್ದೆಲ್ಲ ಅವಳಿಗೆ ಎಂದು ಬರೆಸುತ್ತಿದ್ದರು. ಮಕ್ಕಳ ಪಾಲು ಇಪ್ಪತ್ತೊಂದು ತುಂಬಿದಾಗಲೋ ಮದುವೆಯಾದಾಗಲೋ. ಅಲ್ಲಿಯವರೆಗೆ ಹಣ ಅವಳ ಕೈಯಲ್ಲಿ, ಮಕ್ಕಳು ಅವಳ ಮಾತಿನಲ್ಲಿ.

ಎಕ್ಸಿಕ್ಯೂಟರ್ ಆದವರು ಸತ್ತವನ ಸಾಮಾನಿನ ಪಟ್ಟಿ ಒಪ್ಪಿಸಬೇಕೆಂದು 1529ರ ಕಾಯ್ದೆ ಹೇಳಿತ್ತು. ನೆರೆಹೊರೆಯ ಮೂರು ನಾಲ್ಕು ಜನ ಬಂದು ಕೋಣೆಯಿಂದ ಕೋಣೆಗೆ ಹೋಗಿ, ಮಂಚ, ತಟ್ಟೆ, ಹೊದಿಕೆ ಎಂದು ಬೆಲೆ ಕಟ್ಟುತ್ತಿದ್ದರು. ಬರಬೇಕಾದ ಬಾಕಿಯಲ್ಲಿ ಎರಡು ಬಗೆ: ಬಂದೀತೆಂಬ ಆಸೆಯದು, ಆಸೆ ಬಿಟ್ಟದ್ದು. ನಮ್ಮ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕಕ್ಕೂ ಇದಕ್ಕಿಂತ ಸರಿಯಾದ ವಿಂಗಡಣೆ ನನಗೆ ಹೊಳೆಯದು. 1592ರಲ್ಲಿ ಕವಿಯ ಊರಾದ ಸ್ಟ್ರಾಟ್‌ಫರ್ಡಿನಲ್ಲಿ ಹೆನ್ರಿ ಫೀಲ್ಡ್ ಎಂಬ ಚರ್ಮ ಹದ ಮಾಡುವವನು ಸತ್ತಾಗ ಹೀಗೆ ಬೆಲೆ ಕಟ್ಟಿದವರಲ್ಲಿ ಒಬ್ಬ ಕೈಗವಸು ಮಾಡುವ ಜಾನ್ ಷೇಕ್ಸ್‌ಪಿಯರ್, ಕವಿಯ ಅಪ್ಪ. ಚರ್ಮದ ಬೆಲೆ ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು!

ಹೆನ್ರಿಯ ಮಗ ರಿಚರ್ಡ್ ಲಂಡನ್ನಿಗೆ ಹೋಗಿ, ತೋಮಾ ವೋತ್ರೋಲಿಯೆ ಎಂಬ ಫ್ರೆಂಚ್ ವಲಸಿಗನ ಅಚ್ಚುಕೂಟದಲ್ಲಿ ಕೆಲಸ ಕಲಿತ. 1587ರಲ್ಲಿ ಒಡೆಯ ತೀರಿಕೊಂಡ. ಲಂಡನ್ನಿನ ಕಸುಬಿನ ಸಂಘಗಳಲ್ಲಿ ಸಾಮಾನ್ಯವಾಗಿ ವಿಧವೆ ಗಂಡನ ಕಸುಬು ನಡೆಸಬಹುದಿತ್ತು, ಶಿಷ್ಯರನ್ನೂ ಇಟ್ಟುಕೊಳ್ಳಬಹುದಿತ್ತು. ಆದರೆ ವೋತ್ರೋಲಿಯೆಯ ಹೆಂಡತಿ ಜಾಕ್ವೆಲಿನ್ ಇನ್ನು ಮುಂದೆ ಪುಸ್ತಕ ಅಚ್ಚು ಹಾಕಕೂಡದೆಂದು ಮುದ್ರಕರ ಸಂಘ 1588ರಲ್ಲಿ ಆಜ್ಞೆ ಹೊರಡಿಸಿತು. ಮಾರನೆಯ ವರ್ಷ ಅವಳು ರಿಚರ್ಡನನ್ನು ಮದುವೆಯಾದಳು. ಯಂತ್ರ ನಿಲ್ಲಲಿಲ್ಲ. 1593ರಲ್ಲಿ ಷೇಕ್ಸ್‌ಪಿಯರನ ಮೊದಲ ಪುಸ್ತಕ ಅಚ್ಚಾಗಿ ಹೊರಬಂದದ್ದು ಇದೇ ಅಚ್ಚುಕೂಟದಿಂದ. ಅದು ಪ್ರೀತಿಯ ಮದುವೆಯೋ ಲೆಕ್ಕಾಚಾರವೋ ಎಂದು ಕೇಳಬೇಡಿ. ಎರಡೂ ಒಟ್ಟಿಗಿರಬಾರದೆಂದು ಯಾರು ಹೇಳಿದರು?

ಹೆಂಡತಿಯನ್ನು ನಂಬುವುದಕ್ಕಿಂತ ಸಂಸ್ಥೆಯನ್ನು ನಂಬುವುದು ಭದ್ರ ಎನ್ನುವವರಿಗೆ ಲಂಡನ್ನಿನ ಕಥೆಯೇ ಇದೆ. ಅಲ್ಲಿನ ನಗರಸಭೆಗೆ ಸತ್ತ ನಾಗರಿಕರ ಮಕ್ಕಳ ಹಣವನ್ನು ಬಡ್ಡಿಗೆ ಇಟ್ಟುಕೊಳ್ಳುವ ವ್ಯವಸ್ಥೆಯಿತ್ತು. 1680ರ ದಶಕದಲ್ಲಿ ಖಜಾನೆ ಬರಿದಾಗಿ ಅನಾಥ ಮಕ್ಕಳ ಹಣ ಸಿಕ್ಕಿಬಿತ್ತು. ಕೊನೆಗೆ 1694ರಲ್ಲಿ ಪಾರ್ಲಿಮೆಂಟು ಕಾಯ್ದೆ ತಂದು ಶೇಕಡಾ 4ರ ಬಡ್ಡಿಗೆ ಒಪ್ಪಿಸಬೇಕಾಯಿತು.

ಮತ್ತೆ ಆ ಮೂರು ಹಾಳೆಗಳಿಗೆ ಬರುತ್ತೇನೆ. ಕವಿಯ ಕಿರಿಯ ಮಗಳು ಜುಡಿತ್ ಆಗಷ್ಟೇ ವೈನ್ ವ್ಯಾಪಾರಿಯೊಬ್ಬನನ್ನು ಮದುವೆಯಾಗಿದ್ದಳು. ಅಳಿಯನ ಮೇಲೆ ಮಾವನಿಗೆ ಭರವಸೆಯಿರಲಿಲ್ಲ ಎಂಬುದು ಷರತ್ತು ಓದಿದರೇ ತಿಳಿಯುತ್ತದೆ. ಮೂರು ವರ್ಷ ಕಳೆದ ಮೇಲೆ ಅವಳ ಪಾಲಿಗೆ ಬರುವ 150 ಪೌಂಡಿನ ಅಸಲು, ಅವಳಿಗೆ ಗಂಡನಿರುವವರೆಗೆ ಎಕ್ಸಿಕ್ಯೂಟರ್‌ಗಳ ಬಳಿಯೇ ಇರಬೇಕು, ಅವಳಿಗೆ ವರ್ಷಾವರಿ ಬಡ್ಡಿ ಸಲ್ಲಬೇಕು. ಗಂಡ ಅಷ್ಟೇ ಬೆಲೆಯ ಜಮೀನನ್ನು ಅವಳಿಗೂ ಮಕ್ಕಳಿಗೂ ಗಟ್ಟಿಮಾಡಿಕೊಟ್ಟರೆ ಮಾತ್ರ ಅಸಲು ಅವನ ಕೈಗೆ. ನಾನೇ ಬರೆದಿದ್ದರೂ ಇಷ್ಟು ಬಿಗಿಯಾಗಿ ಬರೆಯುತ್ತಿದ್ದೆನೋ ಇಲ್ಲವೋ. ಇಷ್ಟೆಲ್ಲ ಬಲ್ಲವನು ಹೆಂಡತಿಯ ಹೆಸರನ್ನು ಮರೆತ ಎಂದರೆ ನಾನು ನಂಬಲಾರೆ. ಅವಳಿಗಾಗ ಅರವತ್ತರ ಆಸುಪಾಸು, ಅಳಿಯ ಹಾಲ್ ಹೆಸರುವಾಸಿ ವೈದ್ಯ. ವಯಸ್ಸಾದವಳಿಗೆ ಓಡಾಟದ ತಾಪತ್ರಯ ಬೇಡವೆಂದು ಯೋಚಿಸಿರಬಹುದು. ಇರಬಹುದು. ಆದರೂ ಬಾಕಿ ಪುಸ್ತಕದೊಂದಿಗೆ ಹೆಂಡತಿಯ ಕೈಗೆ ಎಲ್ಲವನ್ನೂ ಒಪ್ಪಿಸಿಹೋದ ಹೆಸರಿಲ್ಲದ ಚಮ್ಮಾರನೇ ನನಗೆ ದೊಡ್ಡವನಾಗಿ ಕಾಣುತ್ತಾನೆ.

ಕಳೆದ ವರ್ಷ ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ಉಯಿಲು ಬರೆಸಲು ಬಂದಿದ್ದರು. ಹೆಂಡತಿಗೆ ಮನೆಯಲ್ಲಿ ಜೀವನಪರ್ಯಂತ ವಾಸದ ಹಕ್ಕು, ಅಂಗಡಿ ಮಕ್ಕಳಿಗೆ, ಎಕ್ಸಿಕ್ಯೂಟರ್ ಭಾವಮೈದುನ. ಕರಡು ಓದಿ ಹೇಳಿದೆ. ಮೂಲೆಯ ಕುರ್ಚಿಯಲ್ಲಿ ಚೀಲ ಹಿಡಿದು ಕುಳಿತಿದ್ದ ಆ ತಾಯಿ ಕೇಳಿದರು: “ಅಲ್ಲ ಸ್ವಾಮೀ, ಇದರಲ್ಲಿ ಅಂಗಡಿಯ ಬೀಗದ ಕೈ ಯಾರ ಹತ್ತಿರ ಇರುತ್ತದೆ?”

ಯಜಮಾನರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ, “ಎಕ್ಸಿಕ್ಯೂಟರ್ ಅಂತ ಇವಳ ಹೆಸರನ್ನೇ ಹಾಕಿಬಿಡಿ” ಎಂದರು. ಸಾಲಿನ ನಡುವೆ ತುರುಕಲು ಮನಸ್ಸು ಬರಲಿಲ್ಲ. ಆ ಹಾಳೆ ಹರಿದು ಹೊಸದಾಗಿ ಬರೆದೆ.