ಹಿದುಕಿದ ಬೇಳೆಗೆ ಎಂಟು ಕೈ

ಒಂದು ಗಂಟೆಗೆ ಊಟಕ್ಕೆ ಬನ್ರೇ ಅಂದರೆ ಹತ್ತಕ್ಕೇ ಬಂದು ಗೇಟು ಅಲ್ಲಾಡಿಸುವವರು ಹಳೇ ಗೆಳತಿಯರು ಮಾತ್ರ. ನೆಂಟರು ಹಾಗೆ ಮಾಡಲ್ಲ. ಅವರು ಎರಡಕ್ಕೆ ಬರುತ್ತಾರೆ, ಅಷ್ಟರಲ್ಲಿ ನಾವು ಸೀರೆ ಬದಲಾಯಿಸಿ, ಸೋಫಾ ಮೇಲಿನ ಒಗೆದ ಬಟ್ಟೆಯ ರಾಶಿಯನ್ನು ಒಳಗಿನ ಮಂಚಕ್ಕೆ ಎಸೆದು, ಬೆಳಗಿನಿಂದ ಹೀಗೇ ಇದ್ದೀವಿ ಅನ್ನೋ ಹಾಗೆ ಕೂತಿರಬಹುದು.

ಮೊನ್ನೆ ಭಾನುವಾರ ಕೋಲಾರದ ನಮ್ಮ ಮನೆಗೆ ಮೂವರು ಬಂದರು. ಮಾಲೂರು, ಕೆಜಿಎಫ್, ಮುಳಬಾಗಿಲು. ಹಾಸ್ಟೆಲಿನಲ್ಲಿ ಊರೇ ನಮ್ಮ ಹೆಸರು. ಮದುವೆಯಾಗಿ ಬೆಂಗಳೂರು ಸೇರಿ ಮೂವತ್ತು ವರ್ಷವಾದರೂ ಮಾಲೂರು ಇನ್ನೂ ಮಾಲೂರೇ. ನನ್ನದು ಮಾವಿನ ಊರು ಶ್ರೀನಿವಾಸಪುರ, ಕರೆಯೋಕೆ ಉದ್ದ ಆಯ್ತು ಅಂತ ಮಾವಿನಕಾಯಿ ಅಂದುಬಿಟ್ಟಿದ್ದರು.

ಅವರೆಕಾಯಿ ಕಾಲ. ಮಂಜು ಬಿದ್ದ ಮೇಲಿನ ಕಾಯಿ, ಚೀಲ ಬಿಚ್ಚಿದರೆ ಮನೆಯೆಲ್ಲ ಸೊಗಡು. ಹಿಂದಿನ ದಿನ ನಾಲ್ಕು ಕೆಜಿ ತಂದು, ಸುಲಿದು, ರಾತ್ರಿ ಕಾಳು ನೆನೆಹಾಕಿದ್ದೆ. ಬೆಳಿಗ್ಗೆ ಯಜಮಾನರೂ ನಾನೂ ಕೂತು ಹಿದುಕುವುದು ಅಂತ ಮಾತಾಗಿತ್ತು. ಅವರಿಗೆ ಬೆಳಿಗ್ಗೆಯೇ ಯಾರದೋ ಗೃಹಪ್ರವೇಶ ನೆನಪಾಯಿತು. ಅಂಥ ನೆನಪುಗಳೆಲ್ಲ ಇಂಥ ದಿನವೇ ಬರುತ್ತವೆ, ಅಲ್ವಾ?

ಹಾಗಾಗಿ ಬಂದವರ ಕೈಗೆ ಕಾಫಿ ಲೋಟ, ಮುಂದೆ ಕಾಳಿನ ಪಾತ್ರೆ. ಮುಳಬಾಗಿಲಿಗೆ ಹೇಳಬೇಕಾಗಿರಲಿಲ್ಲ. "ಪಿತಿಕಿಪಪ್ಪು!" ಅಂತ ಹಿದುಕಿದ ಬೇಳೆಯ ತೆಲುಗು ಹೆಸರು ಕೂಗಿ ಸೆರಗು ಸಿಕ್ಕಿಸಿ ನೆಲಕ್ಕೇ ಕೂತಳು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳು ಇಟ್ಟು ಒತ್ತಿದರೆ ಸಾಕು, ಬೇಳೆ ಪುಳಕ್ಕನೆ ಹಾರುತ್ತದೆ. ಪಾತ್ರೆಗೇ ಹಾರಬೇಕು ಅಂದರೆ ಅಭ್ಯಾಸ ಬೇಕು. ಕೆಜಿಎಫ್‌ದು ನನ್ನ ಕನ್ನಡಕಕ್ಕೆ ಬಂದು ಬಡಿಯಿತು. ಮಾಲೂರು ಮಾತ್ರ "ಕೈ ವಾಸನೆ ಆಗುತ್ತೆ ಕಣೇ, ನಾನು ಸುಮ್ನೆ ಮಾತಾಡ್ತಾ ಇರ್ತೀನಿ" ಅಂದಳು. ಕಾಲು ಗಂಟೆಯಾದ ಮೇಲೆ ಅವಳೂ ಕೈ ಹಾಕಿದಳು.

ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ. ಮಕ್ಕಳು, ಮಂಡಿನೋವು, ಹಾಸ್ಟೆಲಿನ ಕಲ್ಲುಮುದ್ದೆ ಎಲ್ಲ ಆಗಿ ಒಂದು ಗಳಿಗೆ ಸುಮ್ಮನಾದೆವು. ಆಗ ಮಾಲೂರು ತಲೆ ಎತ್ತದೆ ಹೇಳಿದಳು: "ಕೆಲಸ ಬಿಟ್ಟೆ ಕಣ್ರೇ. ಎರಡು ತಿಂಗಳಾಯ್ತು. ಮನೇಲಿ ಬಿಟ್ರೆ ಯಾರಿಗೂ ಹೇಳಿಲ್ಲ." ಯಾಕೆ, ಏನು ಅಂತ ನಾವು ಕೇಳಲಿಲ್ಲ. ಮುಳಬಾಗಿಲು ತನ್ನ ಮುಂದಿದ್ದ ಕಾಳನ್ನೆಲ್ಲ ಅವಳ ಕಡೆ ತಳ್ಳಿ, "ಹಾಗಾದ್ರೆ ಬಿಡುವಾಗಿದ್ದೀಯ. ಇದನ್ನೂ ಹಿದುಕು" ಅಂದಳು. ಮಾಲೂರು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು, ಒದ್ದೆ ಮುಂಗೈಯಲ್ಲೇ.

ಮಸಾಲೆ ರುಬ್ಬೋಣ ಅಂತ ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ ಲವಂಗ ಎಲ್ಲ ಮಿಕ್ಸಿಗೆ ಹಾಕಿದೆ, ಕರೆಂಟು ಹೋಯಿತು. ಕೆಜಿಎಫ್ ಇದಕ್ಕೇ ಕಾಯುತ್ತಿದ್ದಳು. "ನಮ್ಮೂರಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ!" ಹಾಸ್ಟೆಲಿನಲ್ಲಿ ದೀಪ ಆರಿದಾಗೆಲ್ಲ ಕೇಳಿದ ಮಾತು. ಅವಳ ಅಪ್ಪ ಗಣಿಯಲ್ಲಿದ್ದವರು. ಗಣಿ ಮುಚ್ಚಿದ 2001ನೇ ಇಸವಿಯನ್ನು ಮಾತ್ರ ಅವಳು ಯಾವತ್ತೂ ಬಾಯಿಬಿಟ್ಟು ಹೇಳಲ್ಲ. ಹಿತ್ತಲಿನ ಒರಳುಕಲ್ಲು ತೊಳೆದು ಸರದಿಯಲ್ಲಿ ರುಬ್ಬಿದೆವು. ಅರ್ಧ ರುಬ್ಬುವಷ್ಟರಲ್ಲಿ ಕರೆಂಟು ಬಂತು. ಬಂದರೂ ಯಾರೂ ಏಳಲಿಲ್ಲ.

ಎಸರಿಟ್ಟು ಮುದ್ದೆ ತಿರುವುವಾಗ ಒಬ್ಬಳು ಪಾತ್ರೆ ಹಿಡಿದಳು, ಇಬ್ಬರು ಬುದ್ಧಿ ಹೇಳಿದರು. ಗಂಟಾಯಿತು, ಆಗಲಿ. ಒಂದು ಗಂಟೆಯ ಊಟ ಮೂರಕ್ಕೆ ಆಯಿತು. ಸಾರು ಹೇಗಿತ್ತು ಅಂತ ನಾನು ಹೇಳಬಾರದು, ಆದರೆ ಮುದ್ದೆ ಸಾಲದೆ ಎರಡನೇ ಸಲ ಎಸರಿಟ್ಟೆ.

ರಾತ್ರಿ ಮಾಲೂರು ಫೋನ್ ಮಾಡಿದಳು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಮೂಗರಳಿಸಿ, "ಕಾಯಿ ಚೆನ್ನಾಗಿರಂಗದೆ, ಕೆಜಿ ಎಷ್ಟಮ್ಮ?" ಅಂತ ಅವಳ ಬ್ಯಾಗಿನ ಕಡೆಗೇ ನೋಡಿತಂತೆ. ಬ್ಯಾಗಿನಲ್ಲಿ ಏನೂ ಇರಲಿಲ್ಲ.